ಹಿಮೇನಾ ಎಂದರೆ ಕೇಳಿಸಿಕೊಂಡವಳು

ಸೆಪ್ಟೆಂಬರ್ 22, 2014. ಸೋಮವಾರ

ಬೆಳಿಗ್ಗೆ ಏಳಕ್ಕೆ ರಾಗಿ ಸರಿ. ಅರ್ಧ ಮಗುವಿನ ಹೊಟ್ಟೆಗೆ, ಅರ್ಧ ನನ್ನ ಕುರ್ತಾಗೆ. ಒಂಬತ್ತಕ್ಕೆ ಸ್ನಾನ. ಆಫೀಸಿಗೆ ಮೂರು ತಿಂಗಳು ರಜೆ ಹಾಕಿದ್ದೇನೆ.

ಮಗು ಎಂದು ಬರೆದುಬಿಟ್ಟೆ... ಕಾಗದದಲ್ಲಿ ‘ಫಾಸ್ಟರ್ ಚೈಲ್ಡ್’, ಸದ್ಯಕ್ಕೆ ಸಾಕಲು ಕೊಟ್ಟದ್ದು. ಹದಿನಾಲ್ಕು ತಿಂಗಳು. ಬಂದು ಮೂರನೇ ದಿನ. ತಾಯಿ ಡಲ್ಲಾಸ್‌ನಲ್ಲಿ ಕಾರು ಅಪಘಾತದಲ್ಲಿ ಹೋದಳು. ತಂದೆಯ ಹೆಸರಿಲ್ಲ, ನೆಂಟರು ಪತ್ತೆಯಿಲ್ಲ. ಯಾರೂ ಬರದಿದ್ದರೆ ಬೇಸಿಗೆಗೆ ದತ್ತು ತೆಗೆದುಕೊಳ್ಳಬಹುದು ಎಂದಿದ್ದಾಳೆ ಏಜೆನ್ಸಿಯ ಕೇಸ್ ವರ್ಕರ್ ಡೆನಿಸ್. ನನಗೆ ನಲವತ್ತೊಂದು. ಮೂರು ಸಲ ಐವಿಎಫ್ ಮಾಡಿಸಿ ಸೋತವಳು. ಯಾರೂ ಬರದಿರಲಿ ಎಂದು ದೇವರಿಗೆ ದೀಪ ಹಚ್ಚಿದೆ. ಕೆಟ್ಟ ಹರಕೆ. ಹಚ್ಚಿದ್ದು ಹಚ್ಚಿದ್ದೇ.

ಹೆಸರು ‘ಎಕ್ಸ್’ ಅಕ್ಷರದಿಂದ ಶುರು. ಸ್ಪ್ಯಾನಿಷ್ ಹೆಸರು. ನಮ್ಮನೆಯವರು, ಪ್ರಹ್ಲಾದ್, ಕ್ಸಿಮೇನಾ ಅಂದರು. ನಾನು ಜಿಮೇನಾ ಅಂದೆ. “ಎಕ್ಸ್ ಇದ್ರೂ ಜೆರಾಕ್ಸ್ ಅಂತೀವಲ್ರೀ, ಇದೂ ಹಾಗೇ.” ಇವರು ಒಪ್ಪಿದರು. ಗಂಡ ಅಷ್ಟು ಬೇಗ ಒಪ್ಪಿದಾಗಲೇ ಅನುಮಾನ ಪಡಬೇಕಿತ್ತು. ಡೆನಿಸ್‌ಳನ್ನು ಕೇಳೋಣವೆಂದರೆ ಅವಳು ‘ಬೇಬಿ ಎಕ್ಸ್’ ಎಂದೇ ಕರೆಯುತ್ತಾಳೆ.

ಅಕ್ಟೋಬರ್ 3

ಕೂಗಿದರೆ ತಿರುಗುವುದಿಲ್ಲ. ಜಿಮೇನಾ, ಜಿಮ್ಮಿ, ಜಿಮ್ಮು... ಊಹೂಂ. ಸ್ಟೀಲ್ ಡಬ್ಬದ ಮುಚ್ಚಳ ಬಿದ್ದರೆ ಮಾತ್ರ ಬೆಚ್ಚಿ ನೋಡುತ್ತಾಳೆ.

“ಮಣಿ, ಕಿವಿ ಟೆಸ್ಟ್ ಮಾಡಿಸೋಣ. ನಂಗ್ಯಾಕೋ ಭಯ” ಅಂದರು ಇವರು.

ನನಗೂ ಭಯ. ಆದರೆ ಬೈದೆ.

ಅಕ್ಟೋಬರ್ 9. ಮಧ್ಯಾಹ್ನ 2

ಕ್ಲಿನಿಕ್‌ನ ಪಾರ್ಕಿಂಗ್‌ನಲ್ಲಿ ಬರೆಯುತ್ತಿದ್ದೇನೆ. ಮಗು ಹಿಂದಿನ ಸೀಟಿನಲ್ಲಿ ನಿದ್ದೆ.

ಕಿವಿ ಚೆನ್ನಾಗಿದೆ. ಟೆಸ್ಟ್‌ಗೆ ಮೊದಲೇ ಗೊತ್ತಾಯಿತು. ಹಾಲ್‌ನಲ್ಲಿ ಕೂತಿದ್ದೆವು. ಒಳಗಿನಿಂದ ಒಬ್ಬ ನರ್ಸ್ ಬಂದು ಫೈಲ್ ನೋಡಿ ಕೂಗಿದಳು — “ಹಿಮೇನಾ?”

ತೊಡೆಯ ಮೇಲಿದ್ದವಳು ಸರಕ್ಕನೆ ತಿರುಗಿದಳು. ಮುಖವೆಲ್ಲ ಅರಳಿತ್ತು. ಅವರಮ್ಮ ಬಂದಳು ಅಂದುಕೊಂಡಳೋ ಏನೋ. ನರ್ಸನ್ನು ನೋಡಿದಳು. ಮತ್ತೆ ನನ್ನನ್ನು ನೋಡಿದಳು. ಅರಳಿದ್ದು ಮುದುಡಿತು.

ಎಕ್ಸ್ ಅಂದರೆ ‘ಹ’ ಅಂತೆ. ಹತ್ತೊಂಬತ್ತು ದಿನ ಇನ್ಯಾರದೋ ಹೆಸರು ಹಿಡಿದು ಕೂಗಿದ್ದೇವೆ. ಹದಿನಾಲ್ಕು ವರ್ಷ ಟೆಕ್ಸಸ್‌ನಲ್ಲಿದ್ದು ಟಾಕೋ ಒಂದು ಬಿಟ್ಟು ಬೇರೆ ಸ್ಪ್ಯಾನಿಷ್ ಕಲಿಯದ ಪಾಪ. ನಾಚಿಕೆಯಾಗುತ್ತಿದೆ. ತುಂಬಾ.

ಅಕ್ಟೋಬರ್ 11

ನೆಟ್‌ನಲ್ಲಿ ಹೆಸರಿನ ಜಾತಕ ಜಾಲಾಡಿದೆ. ಹಳೆಯ ಸ್ಪೇನ್‌ನ ಹೆಸರು. ಆಗ ಅಲ್ಲಿ ‘ಶಿಮೇನಾ’ ಎನ್ನುತ್ತಿದ್ದರಂತೆ, ಆಮೇಲೆ ‘ಶಿ’ ಸವೆದು ‘ಹಿ’. ಅರ್ಥದ ಬಗ್ಗೆ ಜಗಳ. ಬಾಸ್ಕ್ ಭಾಷೆಯ ‘ಮಗ’ ಎಂಬ ಶಬ್ದದಿಂದ ಬಂತು ಎಂದು ಕೆಲವರು. ಹೀಬ್ರೂವಿನ ‘ಕೇಳಿಸಿಕೊಂಡ’ ಎಂಬುದರಿಂದ ಎಂದು ಉಳಿದವರು. ಟೆಕ್ಸಸ್‌ನ ಪಟ್ಟಿಯಲ್ಲಿ ಈಗ ಮೊದಲ ನೂರರೊಳಗಿದೆ. ಅಂದರೆ ಈ ರಾಜ್ಯದಲ್ಲಿ ಎಷ್ಟು ಮನೆಯಲ್ಲಿ ಈ ಹೆಸರು ಸರಿಯಾಗಿ ಕೂಗುತ್ತಿದ್ದಾರೋ.

ಕೇಳಿಸಿಕೊಂಡವಳು ಎಂಬುದನ್ನೇ ಇಟ್ಟುಕೊಂಡೆ. ಕಿವಿಯ ಡಾಕ್ಟರ ಹತ್ತಿರ ಕರೆದೊಯ್ದದ್ದು ಇವಳನ್ನೇ!

ನವೆಂಬರ್ 1. ಶನಿವಾರ

ದೇವಸ್ಥಾನದಲ್ಲಿ ಲಕ್ಷ್ಮೀನಾರಾಯಣ ಭಟ್ಟರಿಗೆ ಹುಟ್ಟಿದ ದಿನ, ಗಳಿಗೆ ಕೊಟ್ಟೆ. ಇವರಿಗೆ ಹೇಳಿರಲಿಲ್ಲ. ದತ್ತು ಆದಮೇಲೆ ನಾಮಕರಣ ಮಾಡಿಸಬೇಕು, ನಮ್ಮದೊಂದು ಹೆಸರಿಡಬೇಕು ಎಂಬ ಆಸೆ.

ಭಟ್ಟರು ಲ್ಯಾಪ್‌ಟಾಪ್‌ನಲ್ಲಿ ಪಂಚಾಂಗ ನೋಡಿದರು. “ಪುನರ್ವಸು ನಕ್ಷತ್ರ, ನಾಲ್ಕನೇ ಪಾದ ಕಣಮ್ಮ. ‘ಹಿ’ ಅಕ್ಷರ ಬರುತ್ತೆ. ಹಿತಾ, ಹಿಮಾ, ಯಾವ್ದಾದ್ರೂ ಇಡಿ.”

ಪಂಚಾಂಗದ ಗಂಧಗಾಳಿ ಇಲ್ಲದ ಆ ಹುಡುಗಿ, ಇವಳ ತಾಯಿ, ಡಲ್ಲಾಸ್‌ನ ಆಸ್ಪತ್ರೆಯಲ್ಲಿ ಹೆತ್ತು ಮಲಗಿ ‘ಹಿ’ಯನ್ನೇ ಇಟ್ಟಿದ್ದಾಳೆ. ಬೇರೆ ಹೆಸರು ಬೇಡ. ಅಕ್ಕಿಯ ಮೇಲೆ ಹಿಮೇನಾ ಎಂದೇ ಬರೆಸುತ್ತೇನೆ. ಇವಳು ನನಗೇ ಬರಬೇಕಿದ್ದವಳು. ಇದಕ್ಕಿಂತ ಸಾಕ್ಷಿ ಬೇಕೆ?

ಜನವರಿ 18, 2015

ಎರಡು ತಿಂಗಳಿಂದ ಬರೆದಿಲ್ಲ. ಸುಖವಾಗಿರುವವರು ಡೈರಿ ಬರೆಯುವುದಿಲ್ಲ.

ಓಡುತ್ತಾಳೆ. ಹುಳಿಯನ್ನ ತಿನ್ನುತ್ತಾಳೆ. ಇವರ ಚಪ್ಪಲಿ ಹೊತ್ತು ತಿರುಗುತ್ತಾಳೆ. ಹೆಸರು ಅಷ್ಟೆಲ್ಲ ಹುಡುಕಿದ್ದೇ ಬಂತು, ಮನೆಯಲ್ಲಿ ಕರೆಯುವುದು ‘ಪುಟ್ಟಾ’ ಎಂದೇ. ಬೆಳಗಿನಿಂದ ಸಂಜೆಯವರೆಗೆ ಪುಟ್ಟಾ ಬಾ, ಪುಟ್ಟಾ ಬೇಡ. ಆ ಶಬ್ದ ಬಿದ್ದರೆ ಸಾಕು, ಎಲ್ಲಿದ್ದರೂ ಓಡಿ ಬರುತ್ತಾಳೆ. ಇವತ್ತು ಓಡಿ ಬಂದು ಮೊಣಕಾಲು ತಬ್ಬಿ — “ಅಮ್ಮ.”

ಒಂದೇ ಸಲ. ಸಾಕು.

ಮಾರ್ಚ್ 6

ಅಜ್ಜಿ ಸಿಕ್ಕಿದ್ದಾಳೆ.

ಹ್ಯೂಸ್ಟನ್‌ನ ಕೇಟಿಯಲ್ಲಿ ಬಟ್ಟೆ ಆಲ್ಟರ್ ಮಾಡುವ ಅಂಗಡಿ. ಹೆಸರು ಒಫೇಲಿಯಾ. ಮಗಳ ಜೊತೆ ಜಗಳವಾಗಿ ಮೂರು ವರ್ಷ ಮಾತಿರಲಿಲ್ಲವಂತೆ. ಮಗಳು ಸತ್ತದ್ದೂ, ಮೊಮ್ಮಗಳು ಹುಟ್ಟಿದ್ದೂ ಒಂದೇ ದಿನ ಗೊತ್ತಾಯಿತಂತೆ. ಮಗು ಬೇಕು ಎಂದಿದ್ದಾಳೆ.

ಡೆನಿಸ್ ಫೋನ್ ಇಟ್ಟಮೇಲೆ ದೀಪ ಆರಿಸಿಬಿಟ್ಟೆ. ಆಮೇಲೆ ಹೆದರಿ ಮತ್ತೆ ಹಚ್ಚಿದೆ.

ಮಾರ್ಚ್ 14. ಶನಿವಾರ

ಇಲ್ಲೇ ಆಸ್ಟಿನ್‌ನಲ್ಲಿ ಏಜೆನ್ಸಿಯ ಆಫೀಸು. ಮೊದಲ ಭೇಟಿ. ಗಿಡ್ಡ ಹೆಂಗಸು, ಕುತ್ತಿಗೆಯಲ್ಲಿ ಬಟ್ಟೆ ಅಳೆಯುವ ಟೇಪು ಹಾಗೇ ಇತ್ತು, ತೆಗೆಯುವುದು ಮರೆತು ಮೂರು ಗಂಟೆ ಡ್ರೈವ್ ಮಾಡಿಕೊಂಡು ಬಂದಿದ್ದಾಳೆ. ದ್ವೇಷಿಸಬೇಕೆಂದು ಹೋಗಿದ್ದೆ. ಆ ಟೇಪು ನೋಡಿ ಆಗಲಿಲ್ಲ.

ಮಗು ಬಾಗಿಲ ಕಡೆ ಓಡಿತು. ನಾನು ಅಭ್ಯಾಸದಂತೆ — “ಪುಟ್ಟಾ! ಬಾ ಇಲ್ಲಿ!”

ಒಫೇಲಿಯಾಳ ಮುಖ ಬಿಳಚಿತು. ಎದ್ದು ನಿಂತಳು. ಮಗುವನ್ನು ಎತ್ತಿಕೊಂಡು ನನಗೆ ಬೆನ್ನು ಹಾಕಿ ಏನೋ ಕಿರುಚಿದಳು. ಡೆನಿಸ್ ಬರೆದುಕೊಂಡಳು. ನನಗೆ ಏನೂ ತಿಳಿಯಲಿಲ್ಲ.

ಮಾರ್ಚ್ 17

ತಿಳಿಯಿತು. ಅವರ ಭಾಷೆಯಲ್ಲಿ ಅದೇ ಸದ್ದಿನ ಶಬ್ದ ಹೆಂಗಸರನ್ನು ಬೈಯುವ ಅತಿ ಕೊಳಕು ಬೈಗುಳ. ಇಲ್ಲಿ ಬರೆಯಲೂ ಕೈ ಬರುತ್ತಿಲ್ಲ. ಒಂದೂವರೆ ವರ್ಷದ ಮಗುವನ್ನು ನಾನು ಹಾಗೆ ಕರೆದೆ ಎಂದು ರಿಪೋರ್ಟ್ ಆಗಿದೆ!

ಮೇಲ್ ಬರೆದೆ. ನಮ್ಮಲ್ಲಿ ಪುಟ್ಟ ಎಂದರೆ ಚಿಕ್ಕದು, ಮುದ್ದು. ಎಲ್ಲ ಮನೆಯಲ್ಲೂ ಒಂದು ಪುಟ್ಟ ಇರುತ್ತದೆ. ಡೆನಿಸ್ ಅರ್ಥ ಮಾಡಿಕೊಂಡಳು, ನಕ್ಕಳು ಕೂಡ. ಆದರೆ ಆ ಶಬ್ದ ಇನ್ನು ಬೇಡ ಎಂದಳು. ಇವರೂ ಅಂದರು, “ಬಿಟ್ಬಿಡು ಮಣಿ. ಒಂದು ಮಾತಿಗೋಸ್ಕರ ಮಗು ಕಳ್ಕೋಬೇಕಾ?”

ಭೇಟಿಯಲ್ಲಿ ಬಿಟ್ಟೆ. ಮನೆಯಲ್ಲಿ ಬಿಡಲಿಲ್ಲ.

ಏಪ್ರಿಲ್ 18

ನಾಲ್ಕನೇ ಭೇಟಿ. ಒಫೇಲಿಯಾ ಇವತ್ತು ನನ್ನ ಪಕ್ಕ ಕೂತಳು. ಅರ್ಧ ಇಂಗ್ಲಿಷ್, ಅರ್ಧ ಕೈಸನ್ನೆ. ಹಿಮೇನಾ ಎಂಬುದು ಅವಳ ತಾಯಿಯ ಹೆಸರಂತೆ. “ನನ್ನ ಮಗಳು ನನ್ನ ಜೊತೆ ಮಾತು ಬಿಟ್ಟಿದ್ದಳು. ನನ್ನ ಅಮ್ಮನ ಹೆಸರು ಬಿಡಲಿಲ್ಲ” ಎಂದು ಅತ್ತಳು.

ನಮ್ಮಲ್ಲೂ ಹಾಗೇ ತಾನೇ. ಮುತ್ತಜ್ಜಿಯ ಹೆಸರು ಮರಿಮಗಳಿಗೆ. ಅರ್ಥ, ಮೂಲ, ಎಷ್ಟನೇ ನಂಬರ್ ಎಲ್ಲ ಹೇಳಿದ ವೆಬ್‌ಸೈಟ್ ಇದೊಂದನ್ನು ಹೇಳಿರಲಿಲ್ಲ. ನಕ್ಷತ್ರ ನನಗೆ ಸಾಕ್ಷಿ ಹೇಳಿತು ಎಂದುಕೊಂಡಿದ್ದೆ. ಹೆಸರು ಮಗಳು ಒಫೇಲಿಯಾಗೆ ಬರೆದ ಕಾಗದವಾಗಿತ್ತು. ಮಗು ಅವಳದೇ. ನನಗೆ ಇವತ್ತೇ ಗೊತ್ತಾಯಿತು.

ಮೇ 30. ಶನಿವಾರ

ಹೈವೇ 71 ಹಿಡಿದು, ಆಮೇಲೆ ಐ-10. ಕೇಟಿ. ಬಟ್ಟೆ, ರಾಗಿ ಹಿಟ್ಟಿನ ಡಬ್ಬ, ಇವರ ಹಳೆಯ ಚಪ್ಪಲಿ ಒಂದು ಜೊತೆ, ಅದಿಲ್ಲದೆ ಮಗು ಮಲಗುವುದಿಲ್ಲ.

ಅಜ್ಜಿಗೆ ಕೊಟ್ಟು ಬಂದೆವು. ವಾಪಸ್ ಬರುವಾಗ ಹಿಂದೆ ಮಗುವಿನ ಖಾಲಿ ಕಾರ್ ಸೀಟು. ಇವರು ಕೊಲಂಬಸ್ ಹತ್ತಿರ ಪೆಟ್ರೋಲ್ ಬಂಕ್‌ನಲ್ಲಿ ನಿಲ್ಲಿಸಿ ಅದನ್ನು ಬಿಚ್ಚಿ ಡಿಕ್ಕಿಗೆ ಹಾಕಿದರು. ಬೆಲ್ಟು ಬಿಚ್ಚಲು ಬರಲಿಲ್ಲ, ಇಬ್ಬರೂ ಎಳೆದೆವು.

ಜೂನ್ 21

ಡಲ್ಲಾಸ್ ಹತ್ತಿರದ ಅಲೆನ್‌ನಲ್ಲಿ ಗೆಳತಿ ಅನಘಾಳ ಮಗುವಿನ ನಾಮಕರಣ. ಇವರೊಬ್ಬರೇ ಹೋದರು. ನಾನು ತಲೆನೋವು ಎಂದೆ.

ಜೂನ್ 28. ಸಂಜೆ 5

ಈಗ ಒಫೇಲಿಯಾಳ ಫೋನ್ ಬಂದಿತ್ತು. ನಾನೇ ಮಾಡಬಾರದೆಂದು ನಾಲ್ಕು ವಾರ ಹಲ್ಲು ಕಚ್ಚಿಕೊಂಡಿದ್ದೆ.

ಹೆಸರು ಕರೆದರೆ ಮಗು ತಿರುಗುವುದಿಲ್ಲವಂತೆ. ಕಿವಿ ತೋರಿಸಬೇಕೇ ಎಂದು ಕೇಳಿದಳು.

ನಕ್ಕುಬಿಟ್ಟೆ. ಆಮೇಲೆ ಅಳು. ಕಿವಿ ಚೆನ್ನಾಗಿದೆ, ಟೆಸ್ಟ್ ಮಾಡಿಸಿದ್ದೇನೆ ಎಂದೆ. ಮನೆಯಲ್ಲಿ ಆ ಶಬ್ದ ಬಿಡದೆ ಹಟ ಮಾಡಿದ್ದನ್ನೂ ಹೇಳಿದೆ. ಕ್ಷಮಿಸು ಎಂದೆ.

ಅವಳು ಅಂದಳು — “ನಿಮ್ಮ ಶಬ್ದ. ಹೇಗೆ ಹೇಳುವುದು? ಕಲಿಸು.”

ಬೇಡ ಎಂದೆ. ಕಲಿಸು ಎಂದಳು. ನಿಮ್ಮದರಲ್ಲಿ ನಾಲಿಗೆ ಹಲ್ಲಿಗೆ ತಾಗುತ್ತದೆ, ನಮ್ಮದರಲ್ಲಿ ಮೇಲಕ್ಕೆ ಮಡಚುತ್ತದೆ, ಒತ್ತಿ ಹೇಳಬೇಕು ಎಂದೆ. ಅವಳು “ಪು...” ಎಂದು ನಿಲ್ಲಿಸಿದಳು. ದೇವರ ಹೆಸರು ಹೇಳಿಕೊಂಡಳು. ಮತ್ತೆ ಶುರು ಮಾಡಿದಳು. ಆರನೇ ಸಲಕ್ಕೆ ನಾಲಿಗೆ ಮಡಚಿತು.

ಫೋನ್ ಹಿಡಿದುಕೊಂಡೇ ಮನೆಯ ಒಳಕ್ಕೆ ಕೂಗಿದಳು. “ಪುಟ್ಟಾ!”

ಹಲಗೆಯ ನೆಲದ ಮೇಲೆ ಪುಟ್ಟ ಪಾದಗಳ ದಡದಡ. ದೊಡ್ಡ ಚಪ್ಪಲಿ ಎಳೆಯುವ ಸದ್ದು. ನಾನು ಉಸಿರು ಹಿಡಿದು ಕೇಳಿದೆ. ಓಡಿ ಬಂದಳು, ಅಜ್ಜಿಯ ಮೊಣಕಾಲಿಗೇ ಇರಬೇಕು. “ಅಮ್ಮ” ಅಂದಳು. ಅವಳಿಗೆ.

ಒಫೇಲಿಯಾ ಆ ಮಾತಿನ ಅರ್ಥ ಕೇಳಿದಳು. ಅಜ್ಜಿ ಎಂದು ಸುಳ್ಳು ಹೇಳಿದೆ.

ಇವರು ಕೆಳಗಿನಿಂದ ಕೂಗುತ್ತಿದ್ದಾರೆ, “ಯಾರ್ದು ಮಣಿ ಫೋನು?” ಏನೆಂದು ಹೇಳಲಿ?