ಮುನವಳ್ಳಿಯ ಹದಿನೈದನೆಯ ಚಹಾ

ಸೈಕಲ್ ಬಳಗದ ಅಧ್ಯಕ್ಷರಿಗೆ,

ಮಾನ್ಯರೇ,

ನೀವು ಹೊಸಬರನ್ನು ಹಾರ ಹಾಕಿ ಕರೆಯುತ್ತೀರಿ, ದಾರಿಯಲ್ಲಿ ಬಿಟ್ಟು ಹೋಗುತ್ತೀರಿ. ಈ ಕತೆಯನ್ನು ಮೊದಲು ಹೇಳಿದವಳು ನಮ್ಮ ಓಣಿಯ ಅಂಗನವಾಡಿ ಟೀಚರ್ ಮಂಜುಳಾ. ಹೇಳಿದ್ದು ಕಳೆದ ಸೋಮವಾರ ಸಂಜೆ, ಶಟ್ಟೆವ್ವನ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ. ಕೇಳಿದವರು ಶಟ್ಟೆವ್ವನೂ ಸೇರಿ ಏಳು ಮಂದಿ ಹೆಣ್ಣುಮಕ್ಕಳು, ಜೋಳದ ಚೀಲ ಹೊತ್ತು ಹೋಗಿದ್ದ ನಾನು.

ಹಿಂದಿನ ದಿನ ಬೈಲಹೊಂಗಲದಲ್ಲಿ, ನಿಮ್ಮ ಸವಾರಿಗೆ ಹೊಸದಾಗಿ ಸೇರಿದ ಮಂಜುಳಾಗೆ ಚೆಂಡುಹೂವಿನ ಹಾರ ಬಿತ್ತು, ಫೋಟೋ ಆಯಿತು, ‘ಏನಾದರೂ ನಾನೇ ಹೊಣೆ’ ಎಂಬ ಕಾಗದಕ್ಕೆ ಸಹಿಯೂ ಆಯಿತು. ಸ್ವಾಗತಿಸುವವರಿಗೆ ಇಂಥ ಕಾಗದ ಮೊದಲೇ ಏಕೆ ಬೇಕು? ಹದಿನೈದು ಸೈಕಲ್ಲುಗಳು ಮುನವಳ್ಳಿಗೆ ಹೊರಟವು. ಚಚಡಿ ದಾಟಿದ ಮೇಲೆ, ಏರಿನಲ್ಲಿ, ಮಂಜುಳಾಳ ಚೈನು ಕಳಚಿತು. ಕೂಗಿದಳು, ಹದಿನಾಲ್ಕೂ ಮುಂದೆ ಹೋಗಿದ್ದವು, ಹಿಂದೆ ಯಾರೂ ಇರಲಿಲ್ಲ. ಅಷ್ಟರಲ್ಲಿ ಎರಡು ಟ್ರೇಲರ್ ಕಬ್ಬು ಎಳೆಯುತ್ತ ಬಂದ ಟ್ರ್ಯಾಕ್ಟರಿಗೆ ದಾರಿ ಬಿಡಲು ಹೋಗಿ ಸೈಕಲ್ ಸಮೇತ ತಗ್ಗಿಗೆ ಬಿದ್ದಳು. ಹಾಲಿನ ಗಾಡಿಯವರು ಊರಿಗೆ ಕರೆತಂದರು.

“ಜೀವಾ ಹೋಗಿದ್ರ ಯಾರಿಗೆ ಗೊತ್ತಾಗತಿತ್ತ ಯವ್ವಾ?” ಎಂದಳು ಶಟ್ಟೆವ್ವ.

“ಹಾರ ಮೊದಲ ಹಾಕಿದ್ರಲ್ಲ ಅತ್ತಿ, ಮತ್ತೊಂದು ತರೂದು ಉಳೀತಿತ್ತು,” ಎಂದಳು ಮಂಜುಳಾ, ಮೊಣಕೈಯ ಪಟ್ಟಿ ಸರಿಪಡಿಸಿಕೊಳ್ಳುತ್ತ.

ಮುನವಳ್ಳಿಯಲ್ಲಿ ನೀವು ಎಣಿಸಲಿಲ್ಲವೇ? ಎಣಿಸಿದಿರಿ. ತಲೆಗಳನ್ನಲ್ಲ, ಚಹಾದ ಕಪ್ಪುಗಳನ್ನು. “ಹದಿನೈದು ಹೇಳಿದ್ವಿ, ಹದಿನೈದೂ ಖಾಲಿ. ಎಲ್ಲಾರೂ ಬಂದಾರ, ನಡೀರಿ,” ಎಂದಿರಿ. ‘ಎಲ್ಲರೂ ಕ್ಷೇಮವಾಗಿ ತಲುಪಿದರು’ ಎಂಬ ನಿಮ್ಮ ಪ್ರಕಟಣೆಯನ್ನು ಹೊರಡುವ ಮುನ್ನವೇ ಬರೆದಿಟ್ಟಿದ್ದಿರೋ ಏನೋ ಎಂಬ ಅನುಮಾನ ನನಗೆ ಇನ್ನೂ ಹೋಗಿಲ್ಲ.

ಹಾಗಾದರೆ ಹದಿನೈದನೆಯ ಕಪ್ಪು ಖಾಲಿಯಾದದ್ದು ಹೇಗೆ? ನಾನು ಕುಡಿದೆ. ಅಂದು ಬಸ್ಸಿಗೆ ಕಾಯುತ್ತ ಮುನವಳ್ಳಿಯ ಆ ಚಹಾದ ಹೋಟೆಲ್ಲಿನ ಬೆಂಚಿನ ಮೇಲೆ ಕುಳಿತಿದ್ದೆ. ನಿಮ್ಮವರೊಬ್ಬರು, “ಒಂದು ಉಳದೈತಿ, ತಗೋರಿ ಯಜಮಾನ್ರ,” ಎಂದು ಕೈಗಿತ್ತರು. ಕೊಟ್ಟ ಚಹಾ ಒಲ್ಲೆ ಎನ್ನುವ ರೂಢಿ ನಮ್ಮಲ್ಲಿಲ್ಲ. ಏಕೆ ಉಳಿಯಿತು ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಗಿರಣಿ ಕಟ್ಟೆಯ ಮೇಲೆ ಇದನ್ನು ಒಪ್ಪಿಕೊಂಡಾಗ ಮಂಜುಳಾ, “ಸಕ್ರಿ ಬರೋಬರಿ ಇತ್ತೇನ್ರಿ ಕಾಕಾ?” ಎಂದಳು, ಅಷ್ಟೆ.

ಪಳಗದ ಹೋರಿಯನ್ನು ಯಾವ ರೈತನೂ ಇನ್ನೊಂದು ಪಳಗದ ಹೋರಿಯ ಜೊತೆ ಹೂಡುವುದಿಲ್ಲ. ಪಕ್ಕದಲ್ಲಿ ಹಳೆಯ ಎತ್ತು ಇರುತ್ತದೆ. ಅದು ತನ್ನ ನಡಿಗೆ ತಗ್ಗಿಸುತ್ತದೆ. ಎತ್ತಿಗೆ ತಿಳಿದದ್ದು ಬಳಗಕ್ಕೆ ತಿಳಿಯದೇ?

ಬರುವ ರವಿವಾರದ ಕಿತ್ತೂರು ಸವಾರಿಗೆ ಮತ್ತೆ ನಾಲ್ವರು ಹೊಸಬರು ಹೆಸರು ಕೊಟ್ಟಿದ್ದಾರಂತೆ. ಪ್ರತಿಯೊಬ್ಬರ ಜೊತೆಗೊಬ್ಬ ಹಳಬ, ಎಲ್ಲರ ಹಿಂದೆ ರಿಪೇರಿಗೆ ಪಂಪು-ಪಾನಾ ಹಿಡಿದವನೊಬ್ಬ, ನಿಂತಲ್ಲೆಲ್ಲ ಹೆಸರು ಕೂಗಿ ಹಾಜರಿ. ಇಷ್ಟನ್ನು ಬರೆದು, ಹಾರ ಹಾಕುವ ಮೊದಲು ಅವರ ಕೈಗೆ ಕೊಡಿ. ಈ ಸಲ ಸಹಿ ನಿಮ್ಮದಿರಲಿ.

ಇದು ಆಗುವ ಮಾತೆಂದು ನಂಬಿಕೆ ಬರದಿದ್ದರೆ ಕೇಳಿ. ಮಂಗಳವಾರ ನಸುಕಿನಲ್ಲಿ ಆ ಏಳು ಮಂದಿ, ಜೊತೆಗೆ ಮಂಜುಳಾ, ಮನೆಯ ಸೈಕಲ್ಲುಗಳನ್ನು ಹೊರತೆಗೆದು ಗಿರಣಿಯಿಂದ ಕೆರೆಯವರೆಗೆ ಹೋದರು. ಹೊರಡುವಾಗ ಹೆಸರು ಕೂಗಿದರು, ಕೆರೆ ಮುಟ್ಟಿದಾಗ ಮತ್ತೆ ಕೂಗಿದರು. ದಾರಿಯಲ್ಲಿ ಶಟ್ಟೆವ್ವ ಎರಡು ಸಲ ಇಳಿದಳು. ಆಕೆಯ ಹಿಂದೆ, ಎಲ್ಲರಿಗಿಂತ ಕೊನೆಗೆ, ಮಂಜುಳಾ ಇದ್ದಳು; ಅವಳೂ ಎರಡು ಸಲ ಇಳಿದಳು.

ಇಂತಿ,
ತಮ್ಮ ಎಣಿಕೆಯಲ್ಲಿ ಮಂಜುಳಾ ಆಗಿ ಹೋದ
ಮಡಿವಾಳೆಪ್ಪ
ಬೈಲಹೊಂಗಲ