ಪ್ರಶ್ನೆಗೂ ಉತ್ತರಕ್ಕೂ ನಡುವೆ

ರೇಡಿಯೊದಲ್ಲಿ ಸಾಮಾನ್ಯ ಜ್ಞಾನದ ಪ್ರಶ್ನೆ ಕೇಳುವ ಅಕ್ಕನಿಗೆ, ದರ್ಜಿ ಅಂಗಡಿಯಿಂದ ನಮಸ್ಕಾರ.

ನಿಮ್ಮ ಕಾರ್ಯಕ್ರಮ ಕೇಳುತ್ತಲೇ ನಾನು ಗುಂಡಿ ತೂರಿಸುವ ಕಾಜಾ ಹೊಲಿಯಲು ಕಲಿತವಳು. ಯಾವ ಉತ್ತರವೂ ಅಂಗಿ ಹೊಲಿಯಲು ಉಪಯೋಗಕ್ಕೆ ಬರುತ್ತಿರಲಿಲ್ಲ, ಆದರೂ ಆ ಅರ್ಧ ಗಂಟೆ ನಮ್ಮ ಮಷೀನುಗಳು ನಿಂತೇ ಇರುತ್ತಿದ್ದವು. ತಪ್ಪು ಉತ್ತರ ಹೇಳಿದವರು ಅವತ್ತಿನ ಅಂಗಿಗಳಿಗೆಲ್ಲ ಗುಂಡಿ ಹೊಲಿಯಬೇಕು ಎಂಬುದು ಅಂಗಡಿಯ ನಿಯಮ. ನೀವು ಪ್ರಶ್ನೆ ಮುಗಿಸುವ ಮೊದಲೇ ಅಪ್ಪ ಕತ್ತರಿ ಎತ್ತಿ ಕೂಗುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಹಕ್ಕಿ ಯಾವುದೆಂದರೆ, "ಹದ್ದು!" ನೀವು ಉಷ್ಟ್ರಪಕ್ಷಿ ಎಂದಾಗ, "ಹಾರೋಕೇ ಬರದೇ ಇರೋದು ಎಂಥಾ ಹಕ್ಕಿ? ಆಯಮ್ಮಂಗೇನು ಗೊತ್ತು!" ಎಂದು ಗೊಣಗುತ್ತ ಸೂಜಿಗೆ ದಾರ ಪೋಣಿಸುತ್ತಿದ್ದರು. ಅಮ್ಮ ಬಟ್ಟೆ ರಾಶಿಯ ಹಿಂದೆ ಮುಖ ಮರೆಸಿಕೊಂಡು ನಗುತ್ತಿದ್ದಳು. ಊರಿನ ಅರ್ಧ ಗುಂಡಿಗಳನ್ನು ಹೊಲಿದದ್ದು ಅಪ್ಪನೇ.

ಹೋದ ವರ್ಷ ಅವರಿಗೆ ಲಕ್ವ ಹೊಡೆಯಿತು. ಈಗ ಬಲಗೈ ಸರಿಯಾಗಿ ಆಡುವುದಿಲ್ಲ, ಮಾತೂ ನಿಧಾನ. ಅವರು ಬಾಯಿ ತೆರೆಯುವಷ್ಟರಲ್ಲಿ ನೀವೇ ಉತ್ತರ ಹೇಳಿಬಿಟ್ಟಿರುತ್ತೀರಿ. ಅಪ್ಪ ಸುಮ್ಮನೆ ರೇಡಿಯೊ ಕಡೆ ನೋಡುತ್ತಾರೆ, ಗೊಣಗುವುದೂ ಇಲ್ಲ.

ದಯವಿಟ್ಟು ಪ್ರಶ್ನೆ ಕೇಳಿದ ಮೇಲೆ ಸ್ವಲ್ಪ ಹೊತ್ತು ತಡೆಯಿರಿ. ಬೇಕಾದರೆ ನಡುವೆ ಸಂಗೀತ ಹಾಕಿ. ಅವರ ಉತ್ತರ ಸರಿಯಿರುತ್ತದೆ ಎಂದು ನಾನು ಹೇಳುತ್ತಿಲ್ಲ, ತಪ್ಪೇ ಇರುತ್ತದೆ. ಗುಂಡಿ ಡಬ್ಬಿಯನ್ನು ಅವರ ಎಡಗೈಗೆ ಎಟಕುವಂತೆ ಇಟ್ಟಿದ್ದೇನೆ.

ರೇಡಿಯೊ ಪಕ್ಕದಲ್ಲೇ ಕಾಯುತ್ತಿರುವ,
ದರ್ಜಿಯ ಮಗಳು