ಕಟ್ಟದ ಮಹಡಿಯ ಅವಶೇಷ ಎಲ್ಲಿಂದ ತರೋಣ?

ನಗರಾಡಳಿತದ ಸ್ವಯಂಚಾಲಿತ ನಿರ್ಣಯಗಳ ಮೇಲ್ವಿಚಾರಣಾ ಸಮಿತಿಯ ಅಧ್ಯಕ್ಷರಾದ ಮಾನ್ಯರೇ,

ನಾವು ಕಟ್ಟದೇ ಇದ್ದ ಮೂರನೇ ಮಹಡಿಗಾಗಿ ತಾವು ನಮ್ಮ ಮನೆಯ ನೀರು ನಿಲ್ಲಿಸಿದಿರಿ. ಆಮೇಲೆ ಆ ಮಹಡಿಯನ್ನು ನಾವೇ ಕೆಡವಿದೆವೆಂದು ಅಭಿನಂದನೆ ಕಳಿಸಿದಿರಿ. ಈಗ, ನೀರು ಮತ್ತೆ ಬೇಕಿದ್ದರೆ ಕೆಡವಿದ್ದರ ಅವಶೇಷಕ್ಕೆ ಪುರಾವೆ ಕೊಡಿ ಎನ್ನುತ್ತಿದ್ದೀರಿ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದವನ ಕಥೆಯನ್ನು ನಾನು ಮೂವತ್ತು ವರ್ಷ ಮಕ್ಕಳಿಗೆ ಹೇಳಿದ್ದೇನೆ. ಆ ಕರುವಿನ ತೂಕ ಎಷ್ಟೆಂದು ಕೇಳುವವರೂ ಇರುತ್ತಾರೆಂದು ಮಾತ್ರ ಊಹಿಸಿರಲಿಲ್ಲ.

ನಾನು ನಿವೃತ್ತ ಭೂಗೋಳದ ಮೇಷ್ಟ್ರು. ಅಕ್ಕ ಮತ್ತು ಭಾವನ ಮನೆಯ ಕೆಳಗಿನ ಕೋಣೆಯಲ್ಲಿದ್ದೇನೆ. ಅಕ್ಕ ಲಾಂಡ್ರಿ ನಡೆಸುತ್ತಾಳೆ. ಪಕ್ಕದ ರಸ್ತೆಯ ನರ್ಸಿಂಗ್ ಹೋಮಿನ ಹಾಸಿಗೆ ಹೊದಿಕೆಗಳೆಲ್ಲ ನಮ್ಮಲ್ಲೇ ತೊಳೆಯುವುದು. ಕುದಿಯುವ ನೀರಿನಲ್ಲಿ ಹಾಕಿ, ಯಂತ್ರದಲ್ಲಿ ತಿರುಗಿಸಿ, ಕೊನೆಗೆ ತಾರಸಿಯ ಮೇಲೆ ಬಿಸಿಲಿಗೆ ಒಣಗಿಸಬೇಕು. ರೋಗಿಗಳ ಬಟ್ಟೆಗೆ ಬಿಸಿಲು ಬೀಳಲೇಬೇಕೆಂಬುದು ಅವಳ ಹಟ. ಎಲ್ಲರ ಹಾಗೆ ಹಗ್ಗದ ಮೇಲೆ ಇಳಿಬಿಟ್ಟರೆ ಗಾಳಿಗೆ ಸುತ್ತಿಕೊಳ್ಳುತ್ತವೆ, ಇಲ್ಲವೇ ನೆಲಕ್ಕೆ ಬಿದ್ದು ಮತ್ತೆ ತೊಳೆಯುವ ಕೆಲಸ. ಅದಕ್ಕೆ ಅವಳು ಪ್ರತಿ ಚಾದರದ ಮೂಲೆಗೂ ಲಾಡಿ ಹೊಲಿದಿದ್ದಾಳೆ. ಒಂದಕ್ಕೊಂದು ಕಟ್ಟಿ, ಹಗ್ಗಗಳ ಮೇಲೆ ತಲೆಯೆತ್ತರಕ್ಕೆ ಅಡ್ಡಲಾಗಿ ಹರಡುತ್ತಾಳೆ. ಮೇಲಿಂದ ಬಿಸಿಲು, ಕೆಳಗಿಂದ ಗಾಳಿ. ಆ ನೆರಳಿನಲ್ಲಿ ಭಾವ ಕುರ್ಚಿ ಹಾಕಿಕೊಂಡು ಪತ್ರಿಕೆ ಓದುತ್ತಾರೆ. ಆಕಾಶದಿಂದ ನೋಡಿದವರಿಗೆ ಇದೆಲ್ಲ ಒಂದೇ ಬಿಳಿ ಚೌಕವಾಗಿ ಕಾಣುತ್ತದೆ ಎಂಬುದನ್ನು ಒಪ್ಪುತ್ತೇನೆ.

ತಮ್ಮ ಡ್ರೋನು ಕಂಡದ್ದು ಆ ಬಿಳಿ ಚೌಕವನ್ನೇ. ತಮ್ಮ ಯಂತ್ರ ಅದರ ನೆರಳನ್ನು ಅಳೆದು, ಅದು ನೆಲಕ್ಕಿಂತ ಎತ್ತರದಲ್ಲಿದೆ, ಆದ್ದರಿಂದ ಚಾವಣಿ, ಚಾವಣಿಯಿದ್ದಮೇಲೆ ಕೆಳಗೆ ಗೋಡೆಗಳೂ ಇರಲೇಬೇಕು ಎಂದು ತೀರ್ಮಾನಿಸಿತು. ಅಕ್ಕನ ಫೋನಿಗೆ ಸಂದೇಶ ಬಂತು: ಅನಧಿಕೃತ ಮಹಡಿ ಪತ್ತೆಯಾಗಿದೆ, ತೆರವುಗೊಳಿಸದಿದ್ದರೆ ನೀರಿನ ಸಂಪರ್ಕ ಕಡಿತ. ಅಕ್ಕ ಅದನ್ನು ಓದಿ ನಕ್ಕಳು. ಭಾವ ಕುರ್ಚಿಯಿಂದಲೇ ತಲೆಯೆತ್ತಿ ನೋಡಿ, ಚಾವಣಿ ಸ್ವಲ್ಪ ಒದ್ದೆಯಿದೆ, ಮಧ್ಯಾಹ್ನದ ಹೊತ್ತಿಗೆ ಗಟ್ಟಿಯಾಗುತ್ತದೆ ಎಂದರು. ನಾವೆಲ್ಲ ನಗುವುದಕ್ಕೆ ಅದೇ ಕೊನೆಯ ಅವಕಾಶವಾಗಿತ್ತು.

ಮೇಲ್ಮನವಿ ಹಾಕಿದೆವು. ಮರುಪರಿಶೀಲನೆ ಎಂದರೆ ಯಾರಾದರೂ ಬರುತ್ತಾರೆಂದು ನಂಬಿ ಅಕ್ಕ ಮೆಟ್ಟಿಲು ತೊಳೆಸಿಟ್ಟಿದ್ದಳು. ಬಂದದ್ದು ಮತ್ತದೇ ಡ್ರೋನು. ತಮ್ಮ ನಿಯಮದ ಪ್ರಕಾರ ಅದು ಮೋಡವಿದ್ದರೆ ಹಾರುವುದಿಲ್ಲ, ಮಳೆಯಾದರೆ ಹಾರುವುದಿಲ್ಲ, ಗಾಳಿ ಜೋರಿದ್ದರೆ ಹಾರುವುದಿಲ್ಲ. ಒಳ್ಳೆಯ ಬಿಸಿಲಿರುವ ಬೆಳಿಗ್ಗೆ ಮಾತ್ರ ಹಾರುತ್ತದೆ. ಮಾನ್ಯರೇ, ಬಟ್ಟೆ ಒಗೆಯುವವರು ಒಣಹಾಕುವುದೂ ಅಂಥ ಬೆಳಿಗ್ಗೆಯೇ. ಇದನ್ನು ತಿಳಿಯಲು ತಜ್ಞರ ಸಮಿತಿ ಬೇಕೇ? ಹೋದ ಸಲವೂ ಮಹಡಿ ಇತ್ತು, ಈ ಸಲವೂ ಇದೆ, ಆದ್ದರಿಂದ ಅದು ಶಾಶ್ವತ ಕಟ್ಟಡವೆಂದು ತಮ್ಮ ಯಂತ್ರ ಇನ್ನಷ್ಟು ದೃಢವಾಗಿ ನಂಬಿತು. ನೀರಿನ ಇಲಾಖೆಯವನು ಬಂದು ನಲ್ಲಿಗೆ ಸೀಲು ಹಾಕಿದ. ಮೇಲೆ ಬಂದು ಒಮ್ಮೆ ನೋಡಪ್ಪ ಎಂದು ಅಕ್ಕ ಕೇಳಿದರೆ, ತನಗೆ ನಲ್ಲಿಯವರೆಗೆ ಮಾತ್ರ ಆದೇಶವಿದೆ ಎಂದ.

ನಾನು ತಮ್ಮ ಕಚೇರಿಗೆ ಬಂದೆ. ಗಾಜಿನ ಕೌಂಟರಿನ ಹಿಂದಿದ್ದ ಹುಡುಗಿ ಬಹಳ ಸಭ್ಯಳು. ತಾರಸಿಯ ಫೋಟೋಗಳನ್ನು ಸಹನೆಯಿಂದ ನೋಡಿದಳು.

"ಇದು ಬಟ್ಟೆನೇ ಸಾರ್, ನಂಗೂ ಕಾಣ್ತಿದೆ. ಆದ್ರೆ ತೀರ್ಮಾನ ತಗೊಂಡಿರೋದು ಸಿಸ್ಟಂ. ನಮ್ಮ ಕೈಲಿ ಏನೂ ಇಲ್ಲ."

"ಮತ್ತೆ ಯಾರ ಕೈಲಿದೆಯಮ್ಮ?"

ಅವಳು ಸ್ವಲ್ಪ ಯೋಚಿಸಿ, ಮೇಲ್ವಿಚಾರಣಾ ಸಮಿತಿ ಅಂತ ಒಂದಿದೆ ಎಂದಳು. ಸಮಿತಿ ಏನು ಮಾಡುತ್ತದೆ ಎಂದು ಕೇಳಿದೆ. ಯಂತ್ರದ ತೀರ್ಮಾನಗಳನ್ನೆಲ್ಲ ಒಬ್ಬ ಮನುಷ್ಯ ನೋಡಿದ್ದಾನೆಂದು ಖಾತ್ರಿಪಡಿಸುತ್ತದಂತೆ. ಆ ಮನುಷ್ಯ ನೋಡುವುದು ಏನನ್ನು? ಯಂತ್ರ ನೋಡಿದ ಅದೇ ಚಿತ್ರವನ್ನು. ಒಪ್ಪಿಗೆಯ ಗುಂಡಿ ದೊಡ್ಡದು, ಹಸಿರು. ಒಪ್ಪದಿದ್ದರೆ ಕಾರಣ ಬರೆಯಬೇಕು, ಮೇಲಿನವರಿಗೆ ಉತ್ತರ ಕೊಡಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ತಾವು ಪ್ರತ್ಯಕ್ಷವನ್ನೇ ರದ್ದುಮಾಡಿ, ಪ್ರಮಾಣಕ್ಕೆ ಗುಂಡಿ ಇಟ್ಟಿದ್ದೀರಿ. ಗುಂಡಿ ಒತ್ತುವುದನ್ನು ಮೇಲ್ವಿಚಾರಣೆ ಎನ್ನುವುದಾದರೆ ನಮ್ಮ ಬೀದಿಯ ಲಿಫ್ಟುಗಳಲ್ಲಿ ದಿನಾ ಓಡಾಡುವವರೆಲ್ಲ ಸಮಿತಿಯ ಸದಸ್ಯರಾಗಲು ಅರ್ಹರು.

ಡ್ರೋನಿಗೆ ನಿಯಮಗಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ತಮ್ಮ ಹೊಸ ನಿಯಮಾವಳಿಯನ್ನು ಪೂರ್ತಿ ಓದಿದ್ದೇನೆ. ನಿವೃತ್ತನಿಗೆ ಬೇರೆ ಕೆಲಸವೇನಿದೆ? ಇನ್ನೊಬ್ಬರ ಮನೆಯ ಮೇಲೆ ಅವರ ಒಪ್ಪಿಗೆಯಿಲ್ಲದೆ ಹಾರಿಸಕೂಡದು, ಚಿತ್ರ ತೆಗೆಯಕೂಡದು, ತೆಗೆದದ್ದನ್ನು ಇಟ್ಟುಕೊಳ್ಳಕೂಡದು. ಎಷ್ಟು ಒಳ್ಳೆಯ ಮಾತುಗಳು! ಎದುರುಮನೆಯ ಫೋಟೋಗ್ರಾಫರ್ ಮದುವೆಯೊಂದನ್ನು ಮೇಲಿಂದ ಚಿತ್ರಿಸುವಾಗ ಪಕ್ಕದವರ ತಾರಸಿಯ ಮೂಲೆ ಸಿಕ್ಕಿತೆಂದು ಅವನ ಡ್ರೋನನ್ನು ಕಸಿದುಕೊಂಡಿರಿ. ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿದೆ: ಈ ನಿಯಮಗಳು ನಗರಾಡಳಿತದ ಡ್ರೋನುಗಳಿಗೆ ಅನ್ವಯಿಸುವುದಿಲ್ಲ. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕೇಳಿದ್ದೆ. ಮೇಯಲು ಬೇಲಿಗೆ ಅನುಮತಿ ಇದೆಯೆಂದು ಅಚ್ಚು ಹಾಕಿಸಿದ್ದನ್ನು ಮೊದಲ ಸಲ ನೋಡಿದೆ.

ಇರಲಿ, ನನ್ನ ವ್ಯಂಗ್ಯದಿಂದ ನಲ್ಲಿಯಲ್ಲಿ ನೀರು ಬರುವುದಿಲ್ಲ. ನೀರಿಲ್ಲದ ಲಾಂಡ್ರಿ ಏನಾಗುತ್ತದೆ ಎಂದು ತಮಗೆ ಯಾರೂ ಚಿತ್ರ ತೆಗೆದು ತೋರಿಸಿಲ್ಲ, ನಾನು ಹೇಳುತ್ತೇನೆ. ಕುಡಿಯಲು, ಅಡುಗೆಗೆ ಅಕ್ಕಪಕ್ಕದವರು ಕೊಡುತ್ತಾರೆ. ಚಾದರದ ರಾಶಿಗೆ ಯಾರು ಕೊಟ್ಟಾರು? ಅಕ್ಕ ಕೆಲಸದ ಹೆಂಗಸರನ್ನು ಮನೆಗೆ ಕಳಿಸಿದಳು. ನರ್ಸಿಂಗ್ ಹೋಮಿನ ಮೇಟ್ರನ್ ಒಳ್ಳೆಯವರು, ಈ ತಿಂಗಳು ಮುಗಿಯುವವರೆಗೆ ಕಾಯುತ್ತೇನೆ, ಆಮೇಲೆ ಬೇರೆಯವರಿಗೆ ಕೊಡದೆ ದಾರಿಯಿಲ್ಲ ಎಂದರು. ಯಂತ್ರದ ಸದ್ದು ನಿಂತ ಮನೆಯಲ್ಲಿ ಅಕ್ಕ ಒಣಗಿದ ತೊಟ್ಟಿಗಳನ್ನೇ ಮತ್ತೆ ಮತ್ತೆ ಒರೆಸುತ್ತಿದ್ದಾಳೆ. ಅದನ್ನು ನೋಡಿದಾಗ ನನಗೆ ಬರುವುದು ಅಳುವಲ್ಲ, ಸಿಟ್ಟು.

ತಾರಸಿ ಖಾಲಿಯಾಯಿತು. ಬಿಸಿಲು ಚೆನ್ನಾಗಿತ್ತು, ಡ್ರೋನು ಬಂತು. ಬಿಳಿ ಚೌಕ ಕಾಣಲಿಲ್ಲ. ಅದೇ ಸಂಜೆ ತಮ್ಮ ಸಂದೇಶ: ಅನಧಿಕೃತ ಮಹಡಿಯನ್ನು ಸ್ವಯಂಪ್ರೇರಣೆಯಿಂದ ತೆರವುಗೊಳಿಸಿದ್ದಕ್ಕೆ ಅಭಿನಂದನೆಗಳು, ನೀರಿನ ಮರುಸಂಪರ್ಕಕ್ಕೆ ಅವಶೇಷ ವಿಲೇವಾರಿಯ ರಸೀದಿ ಲಗತ್ತಿಸಿ. ರಸೀದಿಯಿಲ್ಲ ಎಂದು ಬರೆದರೆ, ಅವಶೇಷವನ್ನು ಅಕ್ರಮವಾಗಿ ಸುರಿದ ಶಂಕೆಯಿದೆ ಎಂಬ ಉತ್ತರ. ಇಟ್ಟಿಗೆಯಿಲ್ಲದೆ ಮಹಡಿ ಕಟ್ಟಿದ್ದನ್ನು ನಂಬಿದ ತಾವು, ಇಟ್ಟಿಗೆಯಿಲ್ಲದೆ ಅದು ಬಿದ್ದಿದ್ದನ್ನು ಏಕೆ ನಂಬಲಾರಿರಿ?

ಎಲ್ಲಿಂದಾದರೂ ಒಂದು ಗಾಡಿ ಕಲ್ಲುಮಣ್ಣು ತರಿಸಿ ರಸೀದಿ ಮಾಡಿಸಿಬಿಡೋಣ ಎಂದರು ಭಾವ. ದಣಿದ ಮನುಷ್ಯ, ತಪ್ಪು ತಿಳಿಯಬೇಡಿ. ಅಕ್ಕ ತಾರಸಿಗೆ ಹೋಗಿ, ಹಗ್ಗಗಳನ್ನೆಲ್ಲ ಬಿಚ್ಚಿ, ಸುರುಳಿ ಸುತ್ತಿಕೊಂಡು ಬಂದು ನನ್ನ ಮಡಿಲಿಗೆ ಹಾಕಿದಳು.

"ತಗೊಳೋ, ಕೊಟ್ಟು ಬಾ ಅವರಿಗೆ. ಕೆಡವಿದ್ದು ಇದೊಂದೇ ತಾನೇ."

ಹಾಗಾಗಿ ಆ ಅವಶೇಷವನ್ನು ತಮ್ಮ ಕೌಂಟರಿಗೆ ತಲುಪಿಸಿ ಬಂದು ಈ ಪತ್ರ ಬರೆಯುತ್ತಿದ್ದೇನೆ. ಕಲ್ಲೋ, ಇಟ್ಟಿಗೆಯೋ, ಕಬ್ಬಿಣವೋ, ಯಾವ ವಿಭಾಗಕ್ಕೆ ಸೇರಿಸಲಿ ಎಂದು ಆ ಹುಡುಗಿ ಕೇಳಿದಳು. ನಿಮ್ಮ ಅಧ್ಯಕ್ಷರನ್ನೇ ಕೇಳಮ್ಮ ಎಂದೆ.

ನನ್ನ ಬೇಡಿಕೆ ದೊಡ್ಡದೇನಲ್ಲ. ಯಂತ್ರ ಯಾರ ನೀರನ್ನಾದರೂ ನಿಲ್ಲಿಸುವ ಮೊದಲು, ಅದು ತಪ್ಪೆಂದು ಹೇಳುವ ಅಧಿಕಾರವಿರುವ ಒಬ್ಬ ಮನುಷ್ಯ ಆ ಮನೆಯ ಬಾಗಿಲಿಗೆ ಬರಬೇಕು. ಫೋಟೋಗ್ರಾಫರನ ಡ್ರೋನಿಗಿರುವ ನಿಯಮ ತಮ್ಮ ಡ್ರೋನಿಗೂ ಇರಬೇಕು. ಎಲ್ಲಕ್ಕಿಂತ ಮೊದಲು, ತಿಂಗಳು ಮುಗಿಯುವುದರೊಳಗೆ ಅಕ್ಕನ ನಲ್ಲಿಯ ಸೀಲು ತೆಗೆಸಿ.

ನೀರು ಬಿಟ್ಟ ದಿನ ಹಗ್ಗ ವಾಪಸು ಬೇಕು, ಅವಳಿಗೆ ಕೆಲಸವಿರುತ್ತದೆ. ಅಂಚೆಯಲ್ಲಿ ಕಳಿಸಬೇಡಿ, ಡ್ರೋನಿನಲ್ಲಂತೂ ಬೇಡವೇ ಬೇಡ. ತಾವೇ ಕೈಯಲ್ಲಿ ಹಿಡಿದುಕೊಂಡು, ಮೆಟ್ಟಿಲು ಹತ್ತಿ ತಂದುಕೊಡಿ.

ಇಂತಿ,
ಇಲ್ಲದ ಮಹಡಿಯ ಕೆಳಗೆ ನೀರಿಲ್ಲದೆ ಕೂತಿರುವ,
ಭೂಗೋಳದ ಮಾಜಿ ಮೇಷ್ಟ್ರು